ಆನ್‌ಲೈನ್ ಪಾಠ: ಕ್ಯಾಮೆರಾಕ್ಕಿಂತ ಮೊದಲು ಧ್ವನಿ ಗಟ್ಟಿ ಮಾಡಿಕೊಳ್ಳಿ

ಪ್ರಶ್ನೆ: ನಾನು ಬನಹಟ್ಟಿಯಲ್ಲಿ ಪಿಯು ಗಣಿತ ಉಪನ್ಯಾಸಕ. ತೇರದಾಳ, ಮಹಾಲಿಂಗಪುರ, ಜಮಖಂಡಿ ಸುತ್ತಲಿನ ಹಳ್ಳಿಗಳ ಸುಮಾರು 35 ವಿದ್ಯಾರ್ಥಿಗಳಿಗೆ ಸಂಜೆ ಏಳರಿಂದ ಎಂಟೂವರೆವರೆಗೆ ಝೂಮ್‌ನ ಉಚಿತ ಖಾತೆಯಲ್ಲಿ ಪಾಠ ಮಾಡುತ್ತೇನೆ. ಮನೆಗೆ ಫೈಬರ್ ಇಂಟರ್ನೆಟ್ ಇದೆ, ಸ್ಪೀಡ್ ಟೆಸ್ಟ್ ಮಾಡಿದರೆ 40 ಎಂಬಿಪಿಎಸ್ ತೋರಿಸುತ್ತದೆ. ಆದರೂ ಹುಡುಗರು ‘ಸರ್ರ, ಧ್ವನಿ ಕಟ್ ಆಗಾಕತ್ತೇತ್ರೀ’ ಅನ್ನುತ್ತಾರೆ. ಪಕ್ಕದ ಮನೆಯ ಪವರ್‌ಲೂಮ್ ಸದ್ದು ಬೇರೆ. ಹಲಗೆ ಮೇಲೆ ಬರೆದದ್ದು ಅವರಿಗೆ ಕಾಣುವುದಿಲ್ಲ. 40 ನಿಮಿಷಕ್ಕೆ ಮೀಟಿಂಗ್ ನಿಂತುಹೋಗುತ್ತದೆ. ಒಮ್ಮೆ ಗುರುತಿಲ್ಲದವರು ಒಳಗೆ ಬಂದು ಗಲಾಟೆ ಮಾಡಿದರು. ಇದೇ ಲ್ಯಾಪ್‌ಟಾಪಿನಲ್ಲಿ ನಮ್ಮ ಅಕ್ಕ ಭಾನುವಾರ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತಾರೆ. ತಂಬೂರಿ ಸದ್ದು ಮಕ್ಕಳಿಗೆ ಕೇಳುವುದೇ ಇಲ್ಲವಂತೆ. ಒಳ್ಳೆಯ ಕ್ಯಾಮೆರಾ ಕೊಂಡರೆ ಇದೆಲ್ಲ ಸರಿಹೋದೀತೇ?

ಉತ್ತರ: ಕ್ಯಾಮೆರಾಕ್ಕೆ ಈಗ ದುಡ್ಡು ಹಾಕಬೇಡಿ. ನಿಮ್ಮ ಮುಖ ಕಾಣದಿದ್ದರೂ ಹುಡುಗರು ಗಣಿತ ಕಲಿಯುತ್ತಾರೆ. ಆದರೆ ‘ಎಕ್ಸ್ ಸ್ಕ್ವೇರ್ ಮೈನಸ್ ನಾಲ್ಕು’ ಎಂದಾಗ ನಡುವಿನ ‘ಮೈನಸ್’ ನುಂಗಿಹೋದರೆ ಮುಂದಿನ ಹತ್ತು ನಿಮಿಷದ ಪಾಠವೇ ಅವರಿಗೆ ದಕ್ಕುವುದಿಲ್ಲ. ಹಾಗಾಗಿ ದುಡ್ಡು, ಡೇಟಾ, ಗಮನ ಮೂರೂ ಮೊದಲು ಧ್ವನಿಗೆ ಸಲ್ಲಬೇಕು. ಅದಾದ ಮೇಲೆ ಬರಹ ಸ್ಪಷ್ಟವಾಗಿ ಕಾಣುವಂತೆ ಮಾಡಿಕೊಳ್ಳಿ. ಮುಖ ಕೊನೆಗೆ. ಕೊಳ್ಳುವುದಾದರೂ ಇದೇ ಕ್ರಮದಲ್ಲಿ ಕೊಳ್ಳಿ: ಒಂದು ಲ್ಯಾನ್ ಕೇಬಲ್, ಒಂದು ವೈರ್ ಇರುವ ಕಾಲರ್ ಮೈಕ್, ರೂಟರ್‌ಗೊಂದು ಚಿಕ್ಕ ಯುಪಿಎಸ್, ಸಾಧ್ಯವಾದರೆ ಒಂದು ಪೆನ್ ಟ್ಯಾಬ್ಲೆಟ್ (ಮೇಜಿನ ಮೇಲಿಟ್ಟು ಪೆನ್ನಿನಿಂದ ಬರೆದದ್ದು ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡುವ ಫಲಕ).

ಧ್ವನಿ ಕಡಿಯುವುದು ಯಾರ ಕಡೆಯ ತೊಂದರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಒಬ್ಬ ಹುಡುಗ ದೂರಿದ ತಕ್ಷಣ ನಿಮ್ಮ ಸೆಟ್ಟಿಂಗ್ಸ್ ಬದಲಿಸಲು ಹೋಗಬೇಡಿ. ‘ಈಗ ಯಾರ್‍ಯಾರಿಗೆ ಕೇಳಲಿಲ್ಲ, ಚಾಟ್‌ನಲ್ಲಿ 1 ಒತ್ತಿ’ ಎನ್ನಿ. ಒಂದೇ ಗಳಿಗೆಯಲ್ಲಿ ಬಹುತೇಕರಿಗೆ ಕಡಿದಿದ್ದರೆ ದೋಷ ನಿಮ್ಮ ಮನೆಯಲ್ಲಿದೆ, ಅಂದರೆ ಮೈಕ್, ವೈಫೈ ಅಥವಾ ನಿಮ್ಮ ಸಂಪರ್ಕದ ಅಪ್‌ಲೋಡ್. ದಿನಾ ಅದೇ ನಾಲ್ಕೈದು ಜನ ಒತ್ತಿದರೆ ದೋಷ ಅವರ ಊರಿನ ಸಿಗ್ನಲ್‌ನದು ಅಥವಾ ಅವರ ಫೋನಿನದು. ಎರಡು-ಮೂರು ದಿನ ಇದನ್ನು ಬರೆದಿಟ್ಟುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ.

ಇನ್ನು ಆ 40 ಎಂಬಿಪಿಎಸ್ ವಿಷಯ. ಅದು ಇಂಟರ್ನೆಟ್‌ನಿಂದ ನಿಮ್ಮ ಮನೆಗೆ ಇಳಿದು ಬರುವ ವೇಗ. ಪಾಠ ಹೇಳುವವರಿಗೆ ಬೇಕಾದದ್ದು ಹೊರಗೆ ಹೋಗುವ ವೇಗ, ಅದಕ್ಕಿಂತಲೂ ಹೆಚ್ಚಾಗಿ ಅದರ ಸ್ಥಿರತೆ. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ನಿಮ್ಮ ಮಾತನ್ನು 20 ಮಿಲಿಸೆಕೆಂಡಿನಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ ಒಂದರ ಹಿಂದೆ ಒಂದನ್ನು ಕಳಿಸುತ್ತವೆ. ದಾರಿಯಲ್ಲಿ ಒಂದು ತುಣುಕು ಕಳೆದುಹೋದರೆ ಅದನ್ನು ಮತ್ತೆ ತರಿಸಿಕೊಳ್ಳುವಷ್ಟು ಹೊತ್ತು ಇರುವುದಿಲ್ಲ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಆಗ ಆ್ಯಪ್ ಅಕ್ಕಪಕ್ಕದ ಸದ್ದು ನೋಡಿ ಆ ಜಾಗವನ್ನು ಅಂದಾಜಿನಿಂದ ತುಂಬುತ್ತದೆ. ಒಂದೆರಡು ತುಣುಕು ಹೋದರೆ ಕಿವಿಗೆ ತಿಳಿಯದು. ಸಾಲಾಗಿ ಹೋದಾಗಲೇ ಆ ಲೋಹದಂಥ, ಯಂತ್ರ ಮಾತಾಡಿದಂಥ ಧ್ವನಿ ಬರುವುದು. ಇಷ್ಟಕ್ಕೂ ಧ್ವನಿಗೆ ಬೇಕಾದದ್ದು ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಮಾತ್ರ. ನಿಮ್ಮಲ್ಲಿ ವೇಗಕ್ಕೆ ಬರವಿಲ್ಲ, ತುಣುಕುಗಳು ಬೀಳುತ್ತಿವೆ, ಇಲ್ಲವೇ ತಡವಾಗಿ ಮುಟ್ಟುತ್ತಿವೆ.

ಇದನ್ನು ಊಹಿಸಬೇಕಾಗಿಲ್ಲ. ಲ್ಯಾಪ್‌ಟಾಪಿನ ಝೂಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಸ್ಟ್ಯಾಟಿಸ್ಟಿಕ್ಸ್, ಅದರೊಳಗೆ ಆಡಿಯೋ ನೋಡಿ. ಲೇಟೆನ್ಸಿ (ತುಣುಕು ಮುಟ್ಟಲು ಆಗುವ ತಡ) 150 ಮಿಲಿಸೆಕೆಂಡಿನ ಒಳಗೆ, ಜಿಟ್ಟರ್ (ಆ ತಡದ ಏರುಪೇರು) 40ರ ಒಳಗೆ, ಪ್ಯಾಕೆಟ್ ಲಾಸ್ (ಕಳೆದುಹೋದ ತುಣುಕು) ಶೇಕಡಾ 2ರ ಒಳಗೆ ಇದ್ದರೆ ಸಂಪರ್ಕ ಆರೋಗ್ಯವಾಗಿದೆ ಎಂದರ್ಥ. ಕಳಿಸುವ ಮತ್ತು ಪಡೆಯುವ ಕಾಲಂಗಳಲ್ಲಿ ಕಳಿಸುವ ಕಾಲಂ ನಿಮಗೆ ಮುಖ್ಯ. ಅಂಕಿ ಕೆಟ್ಟಿದ್ದರೆ ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಹೋಗಿ ರೂಟರ್ ಪಕ್ಕದಲ್ಲಿ ಕೂತು ಮತ್ತೆ ನೋಡಿ. ತಕ್ಷಣ ಸುಧಾರಿಸಿತೇ? ಹಾಗಾದರೆ ಫೈಬರ್‌ನಲ್ಲಿ ದೋಷವಿಲ್ಲ, ತುಣುಕು ಬೀಳುತ್ತಿರುವುದು ನಿಮ್ಮ ಮನೆಯ ಗೋಡೆಗಳ ನಡುವೆ. ನಮ್ಮ ಭಾಗದ ಹಳೆಯ ಮನೆಗಳ ಕಲ್ಲಿನ ಗೋಡೆ, ದಪ್ಪ ಮಣ್ಣಿನ ಮಾಳಿಗೆ, ತಗಡಿನ ಶೆಡ್ಡು ಇವೆಲ್ಲ ವೈಫೈಗೆ ದೊಡ್ಡ ಅಡ್ಡಿ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಒಂದು ದಪ್ಪ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಬ್ಲೂಟೂತ್ ಸಾಧನಗಳೂ ಅದೇ ತರಂಗದಲ್ಲಿ ಗಿಜಿಗುಡುತ್ತಿರುತ್ತವೆ. ಇದಕ್ಕೆ ಶಾಶ್ವತ ಮದ್ದು ರೂಟರ್‌ನಿಂದ ಲ್ಯಾಪ್‌ಟಾಪಿಗೆ ನೇರ ಲ್ಯಾನ್ ಕೇಬಲ್. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಇರುವುದಿಲ್ಲ, ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ. ಕೇಬಲ್ ಹಾಕಿದ ಮೇಲೆ ವೈಫೈ ಆಫ್ ಮಾಡುವುದನ್ನು ಮರೆಯಬೇಡಿ.

ಫೈಬರ್ ಕೈಕೊಟ್ಟಾಗ ಮೊಬೈಲ್ ಡೇಟಾ ಬೇಕೇ ಬೇಕು. ಹಾಟ್‌ಸ್ಪಾಟ್ ಬದಲು ಫೋನನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ನಡುವಿನ ವೈಫೈ ತಪ್ಪುತ್ತದೆ, ಫೋನೂ ಚಾರ್ಜ್ ಆಗುತ್ತಿರುತ್ತದೆ. ಎರಡು ಸಿಮ್ ಇರುವ ಫೋನಾದರೆ ಒಂದು ಎಚ್ಚರಿಕೆ: ಡೇಟಾ ಒಂದು ಸಿಮ್‌ನಲ್ಲಿದ್ದು ಇನ್ನೊಂದಕ್ಕೆ ಕರೆ ಬಂದರೆ ಅನೇಕ ಫೋನುಗಳಲ್ಲಿ ಕರೆ ಮುಗಿಯುವತನಕ ಡೇಟಾ ನಿಲ್ಲುತ್ತದೆ. ಪಾಠದ ಹೊತ್ತಿಗೆ ಆ ಎರಡನೇ ಸಿಮ್ ಆಫ್ ಇರಲಿ. ಸಂಜೆ ಏಳರಿಂದ ಹತ್ತರವರೆಗೆ ಊರಿನ ಟವರ್ ಮೇಲೆ ಹೊರೆ ಜಾಸ್ತಿ. ನಿಮ್ಮ ಹುಡುಗರಲ್ಲಿ ಹಳ್ಳಿಯ ಟವರನ್ನೇ ನಂಬಿದವರು ಹೆಚ್ಚಿದ್ದರೆ ಬೆಳಗ್ಗೆ ಆರರ ಪಾಠ ಒಂದು ವಾರ ಮಾಡಿ ನೋಡಿ. ಯಾವ ಸೆಟ್ಟಿಂಗ್ಸ್‌ಗಿಂತಲೂ ಅದರಿಂದ ಹೆಚ್ಚು ಲಾಭವಾಗಬಹುದು.

ಈಗ ಮಗ್ಗದ ಸದ್ದು. ಲ್ಯಾಪ್‌ಟಾಪಿನೊಳಗಿನ ಮೈಕ್ ನಿಮ್ಮ ಬಾಯಿಂದ ಎರಡಡಿ ದೂರದಲ್ಲಿರುತ್ತದೆ, ಅದಕ್ಕೆ ನಿಮ್ಮ ಮಾತೂ ಲಾಳಿ ಬಡಿಯುವ ಸದ್ದೂ ಹೆಚ್ಚುಕಮ್ಮಿ ಸಮ. ಮೈಕನ್ನು ಬಾಯಿಗೆ ಅರ್ಧ ದೂರ ಹತ್ತಿರ ತಂದಂತೆಲ್ಲ ನಿಮ್ಮ ಮಾತು 6 ಡೆಸಿಬೆಲ್ ಏರುತ್ತದೆ, ಮಗ್ಗದ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ ಇರಲಿ, ಬಟ್ಟೆ ಅಥವಾ ಐಡಿ ಕಾರ್ಡಿನ ದಾರ ತಾಗದಿರಲಿ. ಕೊಳ್ಳುವಾಗ ಪಿನ್ ನೋಡಿ: ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗೂ ಮೈಕಿಗೂ ಒಂದೇ ಕಿಂಡಿ ಇದ್ದರೆ ಪಿನ್ನಿನ ಮೇಲೆ ಮೂರು ಗೆರೆ ಇರುವ ಮೈಕೇ ಬೇಕು. ಎರಡು ಗೆರೆಯದು ಕ್ಯಾಮೆರಾಕ್ಕೆ ಮಾಡಿದ್ದು, ಹಾಕಿದರೂ ಲ್ಯಾಪ್‌ಟಾಪ್ ಸದ್ದಿಲ್ಲದೆ ತನ್ನ ಒಳಗಿನ ಮೈಕನ್ನೇ ಬಳಸುತ್ತಿರುತ್ತದೆ. ಅನೇಕರು ‘ಮೈಕ್ ತಂದರೂ ಏನೂ ಫರಕಾಗಲಿಲ್ಲ’ ಅನ್ನುವುದು ಇದರಿಂದಲೇ. ಪರೀಕ್ಷೆ ಸುಲಭ, ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಧ್ವನಿಮಟ್ಟ ತೋರಿಸುವ ಪಟ್ಟಿ ಜಿಗಿಯಬೇಕು. ಬ್ಲೂಟೂತ್ ಇಯರ್‌ಬಡ್ ಪಾಠಕ್ಕೆ ಬೇಡ. ಅದರ ಮೈಕ್ ಚಾಲೂ ಆದೊಡನೆ ಧ್ವನಿಯ ಗುಣಮಟ್ಟ ಇಳಿಯುತ್ತದೆ, ಚಾರ್ಜೂ ನಡುವೆಯೇ ಮುಗಿಯುತ್ತದೆ.

ಮೈಕ್ ಹಾಕಿದ ಮೇಲೆ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಎರಡು ಬದಲಾವಣೆ ಮಾಡಿ. ಹಿನ್ನೆಲೆ ಸದ್ದು ತಗ್ಗಿಸುವ ಆಯ್ಕೆಯನ್ನು ಆಟೋದಿಂದ ಹೈಗೆ ತನ್ನಿ. ‘ಮೈಕ್ ಮಟ್ಟವನ್ನು ತಾನೇ ಹೊಂದಿಸು’ ಎಂಬರ್ಥದ ಗುರುತನ್ನು ತೆಗೆಯಿರಿ. ಈ ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲ. ಅದು ಆನ್ ಇದ್ದರೆ, ನೀವು ಲೆಕ್ಕ ಬರೆಯುತ್ತ ಹತ್ತು ಸೆಕೆಂಡು ಸುಮ್ಮನಾದಾಗ ‘ಧ್ವನಿ ಸಣ್ಣದಾಯಿತು’ ಎಂದುಕೊಂಡು ಆ್ಯಪ್ ಮೈಕನ್ನು ಜೋರು ಮಾಡುತ್ತದೆ, ಆಗ ಮಗ್ಗ ಹುಡುಗರ ಕಿವಿಯಲ್ಲೇ ಬಡಿಯತೊಡಗುತ್ತದೆ. ನೀವು ಮತ್ತೆ ಮಾತು ಶುರು ಮಾಡಿದಾಗ ಮೊದಲ ಪದ ಒಡೆದು ಕೇಳುತ್ತದೆ. ಗುರುತು ತೆಗೆದು, ಸಹಜವಾಗಿ ಮಾತಾಡುವಾಗ ಪಟ್ಟಿ ಮುಕ್ಕಾಲು ಭಾಗ ತುಂಬುವಂತೆ ಕೈಯಿಂದಲೇ ಹೊಂದಿಸಿ. ಖಾಲಿ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತಿದ್ದರೆ ಒಂದು ದಪ್ಪ ಕೌದಿಯನ್ನು ನಿಮ್ಮ ಎದುರಿನ ಗೋಡೆಗೆ, ಅಂದರೆ ಲ್ಯಾಪ್‌ಟಾಪಿನ ಹಿಂದೆ ಇಳಿಬಿಡಿ. ಬಾಯಿಂದ ಹೊರಟ ಸದ್ದು ಮೊದಲು ಬಡಿದು ಮರಳುವುದು ಆ ಗೋಡೆಯಿಂದಲೇ. ಬೆನ್ನ ಹಿಂದೆ ಹಾಕಿದರೆ ಚಂದ ಕಂಡೀತು, ಪ್ರಯೋಜನ ಕಮ್ಮಿ.

ನೀವಾಡಿದ ಮಾತು ನಿಮಗೇ ಮರಳಿ ಕೇಳಿದರೆ ತಪ್ಪು ನಿಮ್ಮದಲ್ಲ, ಬೇರೊಬ್ಬರ ಸ್ಪೀಕರಿನ ಸದ್ದು ಅವರದೇ ಮೈಕಿಗೆ ಹೋಗುತ್ತಿದೆ. ಎಲ್ಲರನ್ನೂ ಮ್ಯೂಟ್ ಮಾಡಿ ಒಬ್ಬೊಬ್ಬರನ್ನೇ ಬಿಡಿಸಿದರೆ ಸಿಕ್ಕಿಬೀಳುತ್ತದೆ. ಒಂದೇ ಕೋಣೆಯಲ್ಲಿ ಅಕ್ಕ-ತಮ್ಮ ಇಬ್ಬರೂ ಎರಡು ಫೋನಿನಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ. ಒಂದು ಫೋನಿನ ಆಡಿಯೋ ಪೂರ್ತಿ ಬಿಡಿಸಬೇಕು.

ಹಲಗೆಯ ವಿಷಯದಲ್ಲಿ ನಿಮಗೆ ಸ್ವಲ್ಪ ಬೇಸರವಾದೀತು, ಆದರೂ ಹೇಳಬೇಕು: ಹಲಗೆ ಬಿಡಿ. ಗುಂಪಿನ ಸಭೆಯಲ್ಲಿ ಆ್ಯಪ್ ನಿಮ್ಮ ಕ್ಯಾಮೆರಾದ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಕುಗ್ಗಿಸುವಾಗ ಮೊದಲು ಅಳಿಯುವುದು ತೆಳು ಗೆರೆಗಳು, ಅಂದರೆ ಸೀಮೆಸುಣ್ಣದ ಬರಹ. ಸಾವಿರಾರು ರೂಪಾಯಿಯ ಕ್ಯಾಮೆರಾ ತಂದರೂ ಈ ಕುಗ್ಗಿಸುವಿಕೆ ತಪ್ಪುವುದಿಲ್ಲ. ಸ್ಕ್ರೀನ್ ಶೇರ್ ಹಾಗಲ್ಲ. ಪರದೆಯ ಮೇಲೆ ಬದಲಾದಷ್ಟನ್ನೇ ಅದು ಕಳಿಸುತ್ತದೆ, ಹಾಗಾಗಿ ಅಕ್ಷರ ಚೂಪಾಗಿ ಕಾಣುತ್ತದೆ, ಡೇಟಾ ಸೆಕೆಂಡಿಗೆ 50ರಿಂದ 150 ಕಿಲೋಬಿಟ್ ಸಾಕು. ಎರಡು-ಮೂರು ಸಾವಿರ ರೂಪಾಯಿಯ ಪೆನ್ ಟ್ಯಾಬ್ಲೆಟ್ ಹಾಕಿ ಆ್ಯಪ್‌ನೊಳಗಿನ ವೈಟ್‌ಬೋರ್ಡ್ ಮೇಲೆ ಬರೆಯುವುದು ಗಣಿತಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಕೈ ಒಂದೆಡೆ, ಕಣ್ಣು ಒಂದೆಡೆ ಆಗುವುದರಿಂದ ಮೊದಲ ವಾರ ಅಕ್ಷರ ಸೊಟ್ಟಗಾಗುತ್ತವೆ, ಆಮೇಲೆ ಹಿಡಿತಕ್ಕೆ ಬರುತ್ತದೆ. ಶೇರ್ ಮಾಡುವಾಗ ‘ವಿಡಿಯೋಗೆ ಹೊಂದಿಸು’ ಎಂಬ ಗುರುತು ಹಾಕಬೇಡಿ, ಹಾಕಿದರೆ ಅಕ್ಷರ ಮಸುಕಾಗುತ್ತದೆ.

ಟ್ಯಾಬ್ಲೆಟ್ ಬರುವತನಕ ನೋಟ್‌ಬುಕ್ಕಿನ ಮೇಲೆ ಫೋನು ನಿಲ್ಲಿಸಿ. ಫೋನನ್ನು ಎರಡನೆಯ ಸದಸ್ಯನಾಗಿ ಸಭೆಗೆ ಸೇರಿಸಿ, ಅದರ ಆಡಿಯೋ ಜೋಡಿಸಲೇಬೇಡಿ, ಇಲ್ಲದಿದ್ದರೆ ಕೂಗು ಏಳುತ್ತದೆ. ಆ ಫೋನಿನ ಚಿತ್ರವನ್ನು ಎಲ್ಲರಿಗೂ ದೊಡ್ಡದಾಗಿ ಕಾಣುವಂತೆ ಸ್ಪಾಟ್‌ಲೈಟ್ ಮಾಡಿ. ಗೆರೆ ಇಲ್ಲದ, ಮಿರುಗದ ಎ4 ಹಾಳೆಯನ್ನು ಅಡ್ಡ ಇಟ್ಟು ದಪ್ಪ ಕಪ್ಪು ಪೆನ್ನಿನಿಂದ ಎಂಟೇ ಸಾಲು ಬರೆಯಿರಿ. ನೋಡುವವನ ಕೈಯಲ್ಲಿರುವುದು ಅಂಗೈಯಷ್ಟು ಪರದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ನಂಬಿದರೆ ಫೋನಿನ ನೆರಳೇ ಹಾಳೆ ಮೇಲೆ ಬೀಳುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ, ಮೇಜಿನ ಮಟ್ಟಕ್ಕಿಂತ ತುಸು ಮೇಲಿನಿಂದ ಒಂದು ಎಲ್‌ಇಡಿ ದೀಪ ಸಾಕು.

ಡೇಟಾದ ಲೆಕ್ಕವನ್ನು ಹುಡುಗರ ಮುಂದೆಯೇ ಮಾಡಿ ತೋರಿಸಿ, ಗಣಿತದ ಮೇಷ್ಟ್ರಾಗಿ ನಿಮಗದು ಸಲೀಸು. ಸೆಕೆಂಡಿಗೆ 600 ಕಿಲೋಬಿಟ್‌ನ ವಿಡಿಯೋ ನೋಡಿದರೆ 80 ನಿಮಿಷಕ್ಕೆ 360 ಎಂಬಿ. ಧ್ವನಿ ಮತ್ತು ಬರಹ ಸೇರಿ 150 ಕಿಲೋಬಿಟ್ ಅಂದುಕೊಂಡರೆ 90 ಎಂಬಿ. ನಾಲ್ಕು ಪಟ್ಟು ಅಂತರ. ಮನೆಯಲ್ಲಿ ಒಂದೇ ಫೋನನ್ನು ಮೂವರು ಹಂಚಿಕೊಳ್ಳುವಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ಪಾಠ ಶುರುವಾಗುವಾಗ ಎರಡು ನಿಮಿಷ ಎಲ್ಲರ ಕ್ಯಾಮೆರಾ ಆನ್ ಇರಲಿ, ಮುಖ ನೋಡಿ ಮಾತಾಡಿಸಿ, ಆಮೇಲೆ ನಿಮ್ಮದನ್ನೂ ಸೇರಿಸಿ ಎಲ್ಲ ಆಫ್. ಸಿಗ್ನಲ್ ಸಾಲದವರು ಫೋನಿನಲ್ಲಿ ಎದುರಿನ ವಿಡಿಯೋ ನಿಲ್ಲಿಸುವ ಆಯ್ಕೆ ಒತ್ತಿಕೊಳ್ಳಲಿ, ಶೇರ್ ಮಾಡಿದ ಪರದೆ ಆಗಲೂ ಕಾಣುತ್ತಿರುತ್ತದೆ. ಕ್ಯಾಮೆರಾ ಆನ್ ಇಡಲೇಬೇಕೆಂದು ಒತ್ತಾಯಿಸುವುದು ಈ ಭಾಗದ ಮಕ್ಕಳಿಗೆ ಮಾಡುವ ಅನ್ಯಾಯ.

40 ನಿಮಿಷದ ಮಿತಿಗೆ ದುಡ್ಡು ಕೊಡುವ ಮುನ್ನ ಯೋಚಿಸಿ. ಝೂಮ್‌ನ ಉಚಿತ ಖಾತೆಯಲ್ಲಿ 100 ಜನ, 40 ನಿಮಿಷ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಆದರೆ ಒಂದೂವರೆ ತಾಸು ಒಂದೇ ಸಮನೆ ಪರದೆ ನೋಡಿಸುವುದೇ ಸರಿಯಲ್ಲ. ಕೇಂದ್ರ ಶಿಕ್ಷಣ ಇಲಾಖೆ ಜುಲೈ 2020ರಲ್ಲಿ ಆನ್‌ಲೈನ್ ಪಾಠದ ಬಗ್ಗೆ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯಲ್ಲೂ 9ರಿಂದ 12ನೇ ತರಗತಿಗೆ ಒಂದು ಅವಧಿ 30ರಿಂದ 45 ನಿಮಿಷ ಎಂದೇ ಇದೆ. ಎರಡು ಸಭೆ ಬೇರೆಬೇರೆ ಲಿಂಕಿನೊಂದಿಗೆ ಮೊದಲೇ ಮಾಡಿಡಿ: 7ರಿಂದ 7.35, ಮತ್ತು 7.50ರಿಂದ 8.25. ನಡುವಿನ ಹದಿನೈದು ನಿಮಿಷ ಫೋನು ಕೆಳಗಿಟ್ಟು ನೋಟ್‌ಬುಕ್ಕಿನಲ್ಲಿ ಎರಡು ಲೆಕ್ಕ ಬಿಡಿಸಬೇಕು. ಎರಡನೆಯ ಅವಧಿ ಆ ಲೆಕ್ಕಗಳಿಂದಲೇ ಶುರುವಾಗಲಿ.

ಪಾಠದೊಳಗೆ ‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಡಿ. ‘ಹ್ಞೂಂ ಸರ್ರ’ ಎನ್ನುವವರು ಅದೇ ಮೂರು ಜನ. ಬದಲಿಗೆ ಚಿಕ್ಕ ಪ್ರಶ್ನೆ ಕೊಟ್ಟು ‘ಉತ್ತರ ಚಾಟ್‌ನ್ಯಾಗ ಬರೀರಿ, ನಾ ಹೇಳೋತನಕ ಕಳಸಬ್ಯಾಡ್ರಿ’ ಅನ್ನಿ. ಅರ್ಧ ನಿಮಿಷ ಬಿಟ್ಟು ‘ಕಳಸ್ರಿ’ ಎಂದರೆ 35 ಉತ್ತರ ಒಟ್ಟಿಗೆ ಇಳಿಯುತ್ತವೆ, ಯಾರೂ ಇನ್ನೊಬ್ಬರದನ್ನು ನೋಡಿ ಬರೆಯಲಾಗದು, ಎಲ್ಲಿ ಎಡವಿದ್ದಾರೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಹೆಸರು ಕರೆದು ಕೇಳುವಾಗ ಮೊದಲು ಹೆಸರು, ಆಮೇಲೆ ಪ್ರಶ್ನೆ. ಅವನು ಮ್ಯೂಟ್ ತೆಗೆಯಲು, ಧ್ವನಿ ನಿಮಗೆ ಮುಟ್ಟಲು ಐದಾರು ಸೆಕೆಂಡು ಬೇಕು; ಅಲ್ಲಿಯವರೆಗೆ ಸುಮ್ಮನಿರಿ.

ಗುರುತಿಲ್ಲದವರು ನುಗ್ಗಿದ್ದು ಬಹುಶಃ ಲಿಂಕ್ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಫಾರ್ವರ್ಡ್ ಆಗಿ. ಏಪ್ರಿಲ್ 2020ರಲ್ಲಿ ಕೇಂದ್ರ ಗೃಹ ಇಲಾಖೆ ಇಂಥ ಸಭೆಗಳ ಬಗ್ಗೆ ಕೊಟ್ಟ ಸೂಚನೆಗಳು ಇಂದಿಗೂ ಸಾಕು: ಪ್ರತಿ ಸಭೆಗೆ ಹೊಸ ಐಡಿ ಮತ್ತು ಪಾಸ್‌ವರ್ಡ್, ವೇಟಿಂಗ್ ರೂಮ್ (ನೀವು ಒಳಗೆ ಬಿಡುವತನಕ ಹೊರಗೆ ಕಾಯಿಸುವ ವ್ಯವಸ್ಥೆ) ಆನ್, ನೀವು ಬರುವ ಮುನ್ನ ಯಾರೂ ಸೇರದಂತೆ ತಡೆ, ಸ್ಕ್ರೀನ್ ಶೇರ್ ನಿಮಗೆ ಮಾತ್ರ, ಹೊರಹಾಕಿದವರು ಮರಳಿ ಬರದಂತೆ ತಡೆ, ಎಲ್ಲರೂ ಬಂದ ಮೇಲೆ ಸಭೆಗೆ ಬೀಗ. ವೇಟಿಂಗ್ ರೂಮ್ ಕೆಲಸ ಮಾಡಬೇಕಾದರೆ ಹೆಸರು ಗುರುತಾಗಬೇಕು. ‘ರೆಡ್ಮಿ’, ‘ವಿವೋ’, ‘ಅಪ್ಪಾಜಿ ಫೋನ್’ ಎಂದು ಬಂದವರನ್ನು ಒಳಗೆ ಬಿಡಬೇಡಿ. ರೋಲ್ ನಂಬರ್ ಮೊದಲು, ಹೆಸರು ಆಮೇಲೆ ಇರಲಿ, ಹಾಜರಿಗೂ ಅನುಕೂಲ. ಇನ್ನೊಂದು ಅಪಾಯ ಒಳಗಿನಿಂದಲೇ ಬರಬಹುದು. ನಿಮ್ಮ ಸಂಪರ್ಕ ಕಡಿದಾಗ ಹೋಸ್ಟ್ ಅಧಿಕಾರ, ಅಂದರೆ ಸಭೆ ನಡೆಸುವ ಹಿಡಿತ, ಇನ್ನೊಬ್ಬ ಸದಸ್ಯನಿಗೆ ಹೋಗಿಬಿಡಬಹುದು, ಅವನೊಬ್ಬ ಹದಿನಾರರ ತುಂಟ ಹುಡುಗನೂ ಆಗಿರಬಹುದು. ಆದ್ದರಿಂದ ನಿಮ್ಮದೇ ಖಾತೆಯಿಂದ ಫೋನಿನಲ್ಲೂ, ಬೇರೆ ಕಂಪನಿಯ ಮೊಬೈಲ್ ಡೇಟಾದಲ್ಲಿ, ಸಭೆಗೆ ಸೇರಿ ಪಕ್ಕದಲ್ಲಿಟ್ಟುಕೊಳ್ಳಿ. ಫೈಬರ್ ಹೋದರೂ ಸಭೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ವಿದ್ಯಾರ್ಥಿಯ ಪರದೆಯಲ್ಲಿ ನಿಮ್ಮ ಬರಹ ಎಷ್ಟು ದೊಡ್ಡದಾಗಿ ಕಾಣುತ್ತಿದೆ ಎಂಬುದೂ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಅಕ್ಕಾವರ ಸಂಗೀತ ಪಾಠಕ್ಕೆ ಮೇಲಿನ ಆಡಿಯೋ ಸಲಹೆಯಲ್ಲಿ ಒಂದು ಪೂರ್ತಿ ತಿರುವುಮುರುವು. ಸದ್ದು ತಗ್ಗಿಸುವ ಆ ಸೌಲಭ್ಯಕ್ಕೆ ಮಾತು ಮಾತ್ರ ಬೇಕು. ಏರಿಳಿತವಿಲ್ಲದೆ ಒಂದೇ ಸಮನೆ ಮೊರೆಯುವುದೆಲ್ಲ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ತಂಬೂರಿಯ ಜೀವವೇ ಆ ಏಕನಾದ, ಅದನ್ನು ಅದು ಒರೆಸಿಹಾಕುತ್ತದೆ. ದೀರ್ಘವಾಗಿ ಹಿಡಿದ ಷಡ್ಜವೂ ಮಧ್ಯದಲ್ಲಿ ಕುಗ್ಗುತ್ತದೆ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗಾಗಿ ಇರುವ ‘ಒರಿಜಿನಲ್ ಸೌಂಡ್’ ಆಯ್ಕೆ ಮಾಡಿ, ಸಭೆ ಶುರುವಾದ ಮೇಲೆ ಪರದೆಯ ಮೂಲೆಯಲ್ಲೂ ಅದನ್ನು ಆನ್ ಮಾಡಬೇಕು. ಈ ಸ್ಥಿತಿಯಲ್ಲಿ ಪ್ರತಿಧ್ವನಿ ತಡೆಯೂ ಸಡಿಲವಾಗಬಹುದು, ಆದ್ದರಿಂದ ಅವರು ಹೆಡ್‌ಫೋನ್ ಹಾಕಿಕೊಳ್ಳಲೇಬೇಕು, ಮಗ್ಗ ನಿಂತಿರುವ ಹೊತ್ತನ್ನೇ ಆರಿಸಿಕೊಳ್ಳಬೇಕು.

ಜೊತೆಗೂಡಿ ಹಾಡುವುದು ಮಾತ್ರ ಯಾವ ಸೆಟ್ಟಿಂಗ್ಸ್‌ನಿಂದಲೂ ಆಗದು. ಧ್ವನಿ ಒಂದು ದಿಕ್ಕಿಗೆ ಮುಟ್ಟಲು 150 ಮಿಲಿಸೆಕೆಂಡು ಅಂದರೆ ಹೋಗಿಬರಲು 300. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಮಾತ್ರೆಗೆ 500 ಮಿಲಿಸೆಕೆಂಡು. ಅರ್ಧ ಮಾತ್ರೆಗಿಂತ ಹೆಚ್ಚು ಹಿಂದೆ ಬಿದ್ದ ಶಿಷ್ಯೆಯ ಧ್ವನಿ ಕೇಳಿ ‘ತಾಳ ತಪ್ಪಿದಿ’ ಎಂದು ಗದರಿದರೆ ಆ ಹುಡುಗಿ ತಪ್ಪು ಮಾಡಿರುವುದಿಲ್ಲ. ಗುರು ಒಂದು ಸಾಲು, ಶಿಷ್ಯೆ ಒಂದು ಸಾಲು, ಹೀಗೆ ಸರದಿಯಲ್ಲಿ ನಡೆಯಲಿ. ತಂಬೂರಿ-ತಬಲಾ ಆ್ಯಪ್ ಹಾಡುವವರ ಮನೆಯಲ್ಲಿ ನುಡಿಯಲಿ. ಶಿಷ್ಯೆ ಹಾಡುವಾಗ ಠೇಕಾ (ತಬಲಾದಲ್ಲಿ ನುಡಿಯುವ ತಾಳ) ಅವಳ ಕಡೆಯಿಂದಲೇ ಬಂದರೆ ದನಿಯೂ ತಾಳವೂ ಒಟ್ಟಿಗೆ ಪ್ರಯಾಣ ಮಾಡುತ್ತವೆ, ಆಗ ಅಕ್ಕಾವರಿಗೆ ಕೇಳುವುದು ಅವಳ ನಿಜವಾದ ಲಯ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ರೂಟರ್ ಸಾಯುತ್ತದೆ. ಅದಕ್ಕೆ ಚಿಕ್ಕ ಡಿಸಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ರೂಟರ್ ಅಡಾಪ್ಟರಿನ ಮೇಲೆ ಬರೆದದ್ದು ಓದಿ: ವೋಲ್ಟ್ ಅಷ್ಟೇ ಇರಬೇಕು, ಸಾಮಾನ್ಯವಾಗಿ 12. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರ್ ಬಂದು ಸೇರುವ ಪೆಟ್ಟಿಗೆ ರೂಟರ್‌ನಿಂದ ಬೇರೆಯಾಗಿದ್ದರೆ ಅದಕ್ಕೂ ವಿದ್ಯುತ್ ಬೇಕು, ಒಂದಕ್ಕೆ ಮಾತ್ರ ಕೊಟ್ಟರೆ ವೈಫೈ ಗುರುತು ಕಾಣುತ್ತದೆ, ಇಂಟರ್ನೆಟ್ ಇರುವುದಿಲ್ಲ. ಹೆಸ್ಕಾಂ ದುರಸ್ತಿಗೆ ಕರೆಂಟ್ ತೆಗೆಯುವ ದಿನಗಳು ಪತ್ರಿಕೆಯಲ್ಲಿ ಬರುತ್ತವೆ, ನೋಡಿ ಪಾಠದ ದಿನ ಬದಲಿಸಿ.

ತಪ್ಪಿಸಿಕೊಂಡವರಿಗಾಗಿ ಪಾಠ ರೆಕಾರ್ಡ್ ಮಾಡಿ. ಝೂಮ್‌ನ ಉಚಿತ ಖಾತೆಯಲ್ಲಿ ಅದು ಲ್ಯಾಪ್‌ಟಾಪಿನಲ್ಲಿ ಮಾತ್ರ ಆಗುತ್ತದೆ, ಫೋನಿನಲ್ಲಿ ಆಗದು. ಹುಡುಗರ ಮುಖ, ಧ್ವನಿ ಸೇರುವುದರಿಂದ ಮೊದಲೇ ಪಾಲಕರ ಒಪ್ಪಿಗೆ ತೆಗೆದುಕೊಳ್ಳಿ. ಹದಿನೆಂಟರ ಒಳಗಿನವರು 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯಲ್ಲೂ ಮಕ್ಕಳೇ. ಸಭೆ ಮುಗಿದ ಮೇಲೆ ಆ್ಯಪ್ ಕಡತವನ್ನು ಪರಿವರ್ತಿಸಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಅದೇ ಫೋಲ್ಡರಿನಲ್ಲಿ ವಿಡಿಯೋ ಜೊತೆಗೆ ಧ್ವನಿ ಮಾತ್ರದ ಒಂದು ಚಿಕ್ಕ ಕಡತವೂ ಇರುತ್ತದೆ. ಸಿಗ್ನಲ್ ಕಡಿಮೆ ಇರುವ ಊರಿನವರಿಗೆ ಆ ಧ್ವನಿ ಕಡತವನ್ನೂ ಆ ದಿನದ ವೈಟ್‌ಬೋರ್ಡ್ ಪುಟಗಳ ಪಿಡಿಎಫ್ ಅನ್ನೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಇಡೀ ವಿಡಿಯೋ ಡೌನ್‌ಲೋಡ್ ಆಗಲೆಂದು ಅವರು ರಾತ್ರಿಯಿಡೀ ಕಾಯಬೇಕಾಗುವುದಿಲ್ಲ.